ಹಿಟ್ಟು ಸಾರ್ವಜನಿಕ ಪಂಕ್ತಿಗೆ ಬರಲಿ

ಕೊರಿಯಾ ಎಂದರೆ ಕಿಮ್ಚಿ, ಥಾಯ್ಲೆಂಡ್ ಎಂದರೆ ಪಾಡ್ ಥಾಯ್, ಪೆರು ಎಂದರೆ ಸೆವಿಚೆ. ಒಂದೊಂದು ದೇಶಕ್ಕೂ ಒಂದೊಂದು ತಟ್ಟೆಯನ್ನು ಗುರುತು ಮಾಡಿ, ಬದುಕಿನಲ್ಲಿ ಒಮ್ಮೆಯಾದರೂ ಇವುಗಳ ರುಚಿ ನೋಡಿ ಎಂದು ಹೇಳುವ ಪಟ್ಟಿಗಳಿಗೆ ಈಗ ಬರವಿಲ್ಲ. ಇಂಥ ಪಟ್ಟಿಯನ್ನು ಕರ್ನಾಟಕದ ಮಟ್ಟಕ್ಕೆ ಇಳಿಸಿದಾಗ ಮಂಡ್ಯ ಜಿಲ್ಲೆಯ ಪಾಲಿಗೆ ಬರುವುದು ಮದ್ದೂರು ವಡೆ. ಧಾರವಾಡಕ್ಕೆ ಪೇಡ, ಬೆಳಗಾವಿಗೆ ಕುಂದ, ಮೈಸೂರಿಗೆ ಪಾಕ್, ನಮಗೆ ವಡೆ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಜನರನ್ನು ತಲೆಮಾರುಗಳಿಂದ ಸಾಕಿ ನಿಲ್ಲಿಸಿದ್ದು ರಾಗಿ ಹಿಟ್ಟು, ಅಂದರೆ ಮುದ್ದೆ, ಮತ್ತು ಅದರ ಜೊತೆಯ ಉಪ್ಸಾರು, ಬಸ್ಸಾರು. ಈ ಊಟ ಲೋಕದ ಯಾವ ರಾಷ್ಟ್ರೀಯ ಊಟದ ಪಕ್ಕದಲ್ಲಿ ಇಟ್ಟರೂ ಕಳೆಗುಂದುವುದಿಲ್ಲ. ಅದು ಹೊರಗಿನವರ ಕಣ್ಣಿಗೆ ಬೀಳದಿರಲು ಕಾರಣ ಅದರ ರುಚಿಯಲ್ಲಿಲ್ಲ. ನಮ್ಮ ಸಾರ್ವಜನಿಕ ಪಂಕ್ತಿಯಲ್ಲಿ ನಾವೇ ಅದಕ್ಕೆ ಎಲೆ ಹಾಕದಿರುವುದರಲ್ಲಿದೆ.

ಮದ್ದೂರು ವಡೆಯ ಮೇಲೆ ಯಾರಿಗೂ ಮುನಿಸು ಬೇಡ. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು, ರೈಲು ಬರುವ ಹೊತ್ತಿಗೆ ಪಕೋಡ ಮಾಡಲು ಸಮಯ ಸಾಲದೆ ಅದೇ ಹಿಟ್ಟನ್ನು ತೆಳ್ಳಗೆ ತಟ್ಟಿ ಕರಿದರು ಎಂಬ ಕಥೆ ಊರಿಗೆಲ್ಲ ಗೊತ್ತು. ಅಕ್ಕಿ ಹಿಟ್ಟು, ರವೆ, ಮೈದಾ, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಸೇರಿದ ಆ ವಡೆ ಪ್ರಯಾಣಿಕರಿಗೆಂದೇ ಹುಟ್ಟಿದ್ದು. ಅದಕ್ಕೆ ಸಾಂಬಾರು ಬೇಡ, ತಟ್ಟೆ ಬೇಡ, ಕಾಗದದಲ್ಲಿ ಸುತ್ತಿದರೆ ಸಂಜೆಯವರೆಗೂ ಕೆಡುವುದಿಲ್ಲ. ರೈಲು ಅದನ್ನು ಹೊತ್ತು ಊರೂರಿಗೆ ಒಯ್ದಿತು, ಆಮೇಲೆ ಹೆದ್ದಾರಿಯೂ ಒಯ್ದಿತು. ಆದರೆ ದಾರಿಯ ಮೇಲೆ ಬೆಳೆದ ಹೆಸರು ದಾರಿ ಬದಲಾದರೆ ಬಳಲುತ್ತದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಗಿ ವಾಹನಗಳು ಮದ್ದೂರಿನ ಹೊರಗಿನಿಂದಲೇ ಸಾಗತೊಡಗಿದಾಗ ಹಳೆಯ ರಸ್ತೆಯ ಹೋಟೆಲುಗಳಿಗೆ ಬಿದ್ದ ಪೆಟ್ಟು ಇದನ್ನು ತೋರಿಸಿತು. ದಾರಿಹೋಕರ ತಿಂಡಿಯೊಂದನ್ನೇ ಜಿಲ್ಲೆಯ ಗುರುತಾಗಿ ನೆಚ್ಚಿಕೊಂಡರೆ, ದಾರಿಹೋಕರು ನಿಲ್ಲದೆ ಹೋದ ದಿನ ಗುರುತೂ ಮಾಸುತ್ತದೆ.

ಒಂದು ತಿನಿಸು ರಾಷ್ಟ್ರೀಯ ಎನಿಸಿಕೊಳ್ಳುವುದು ತಾನಾಗಿ ಅಲ್ಲ. ಪಾಡ್ ಥಾಯ್ ಪುರಾತನ ಅಡುಗೆ ಎಂದು ನಂಬಿರುವವರು ಬಹಳ. ಆದರೆ ಅದನ್ನು ದೇಶದ ತಿನಿಸನ್ನಾಗಿ ಮಾಡಿದ್ದು 1930–40ರ ದಶಕಗಳಲ್ಲಿ ಥಾಯ್ಲೆಂಡಿನ ಪ್ರಧಾನಿಯಾಗಿದ್ದ ಫಿಬುನ್ ಅವರ ಸರ್ಕಾರ. ಶ್ಯಾವಿಗೆ ತಿನ್ನಿ ಎಂದು ಅದು ಜನರಿಗೆ ಪ್ರಚಾರ ಮಾಡಿತು. ಹೈಟಿಯ ಕುಂಬಳಕಾಯಿ ಸೂಪಿನ ಕಥೆ ಇನ್ನೂ ದೊಡ್ಡದು. ಫ್ರೆಂಚ್ ಒಡೆಯರಿಗಾಗಿ ಗುಲಾಮರು ಬೇಯಿಸುತ್ತಿದ್ದ, ಆದರೆ ತಾವು ಬಾಯಿಗೆ ಇಡುವಂತಿಲ್ಲದ ಸೂಪು ಅದು. 1804ರ ಜನವರಿ 1ರಂದು ದೇಶ ಸ್ವತಂತ್ರವಾದ ಮೇಲೆ ಪ್ರತಿ ವರ್ಷ ಅದೇ ದಿನ ಅದನ್ನು ಮನೆಮನೆಯಲ್ಲಿ ಮಾಡಿ ಹಂಚಿ ಉಣ್ಣುತ್ತಾರೆ; 2021ರಲ್ಲಿ ಯುನೆಸ್ಕೊ ಅದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಮಗೆ ಎಲ್ಲಕ್ಕಿಂತ ಹತ್ತಿರದ್ದು ಆಫ್ರಿಕಾದ ಮಲಾವಿ. ಅಲ್ಲಿನ ನ್ಸಿಮಾ 2017ರಲ್ಲೇ ಯುನೆಸ್ಕೊ ಪಟ್ಟಿಗೆ ಸೇರಿದೆ. ನ್ಸಿಮಾ ಎಂದರೆ ಕುದಿಯುವ ನೀರಿಗೆ ಮುಸುಕಿನ ಜೋಳದ ಹಿಟ್ಟು ಹಾಕಿ, ಗಟ್ಟಿಯಾಗುವವರೆಗೆ ಕೋಲಿನಿಂದ ತಿರುವಿ, ಕೈಯಲ್ಲಿ ಮುರಿದು, ಸೊಪ್ಪಿನ ಅಥವಾ ಮೀನಿನ ಪದಾರ್ಥದ ಜೊತೆ ಉಣ್ಣುವ ಮುದ್ದೆ. ಮಂಡ್ಯದ ಯಾವ ಅಜ್ಜಿಯ ಮುಂದಿಟ್ಟರೂ ಅದೇನೆಂದು ಕೇಳುವ ಅಗತ್ಯ ಬೀಳದು. ಬಡ ದೇಶವೊಂದು ತನ್ನ ದಿನನಿತ್ಯದ ಊಟವನ್ನು ಲೋಕದ ಮುಂದೆ ನಾಚಿಕೆಯಿಲ್ಲದೆ ಇಟ್ಟಿತು, ಲೋಕ ಒಪ್ಪಿಕೊಂಡಿತು.

ಹಾಗೆ ಮುಂದಿಡಲು ನಮ್ಮಲ್ಲಿ ಇರುವುದೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಸರು ಕಾಯುವಾಗ ಒಂದಿಷ್ಟು ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಬಿಟ್ಟು ಅಂಬಲಿ ಕುದಿಸುತ್ತಾರೆ. ಉಕ್ಕು ಬಂದಾಗ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ನಡುವೆ ಕೋಲು ನೆಟ್ಟು, ಕದಲಿಸದೆ ಬೇಯಲು ಬಿಡುತ್ತಾರೆ. ಬೆಂದ ವಾಸನೆ ಬಂದ ಮೇಲೆ ಪಾತ್ರೆಯನ್ನು ಅದುಮಿ ಹಿಡಿದು ಗಂಟಿಲ್ಲದಂತೆ ತೊಳಸಬೇಕು. ಕೈ ಒದ್ದೆ ಮಾಡಿಕೊಂಡು, ಸುಡುಸುಡುವಾಗಲೇ ಮಣೆಯ ಮೇಲೆ ಉರುಳಿಸಿ ಕಟ್ಟಬೇಕು. ನೀರಿನ ಅಳತೆ, ಉರಿಯ ಹದ, ಬೇಯುವ ಹೊತ್ತು, ಈ ಮೂರರಲ್ಲಿ ಒಂದು ತಪ್ಪಿದರೂ ಹಿಟ್ಟು ಹಸಿಯಾಗುತ್ತದೆ ಇಲ್ಲವೆ ಅಂಟುತ್ತದೆ. ಇನ್ನು ಉಪ್ಸಾರು. ಹೆಸರುಕಾಳು, ಅಲಸಂದೆ, ಹುರುಳಿ ಅಥವಾ ಅವರೆಯನ್ನು ಸೊಪ್ಪಿನ ಜೊತೆ ಉಪ್ಪು ಹಾಕಿ ಬೇಯಿಸಿ ಬಸಿದರೆ, ಬಸಿದ ಕಟ್ಟೇ ಸಾರು. ಬೆಂದ ಸೊಪ್ಪು-ಕಾಳು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ ಸೇರಿಸಿ ರುಬ್ಬಿದ ಖಾರವನ್ನು ತಟ್ಟೆಯ ಅಂಚಿಗೆ ಬಡಿಸುತ್ತಾರೆ. ಎಷ್ಟು ಕಲಸಿಕೊಳ್ಳಬೇಕು ಎಂಬುದು ಉಣ್ಣುವವನಿಗೆ ಬಿಟ್ಟದ್ದು. ಒಂದೇ ಪಾತ್ರೆಯ ಬೇಯುವಿಕೆಯಿಂದ ಸಾರು, ಪಲ್ಯ ಎರಡೂ ಹುಟ್ಟುತ್ತವೆ, ಒಂದು ತೊಟ್ಟು ನೀರೂ ಚೆಲ್ಲುವುದಿಲ್ಲ, ಖಾರ ಎಳೆಮಕ್ಕಳಿಗೊಂದು ಮುದುಕರಿಗೊಂದು ಪ್ರಮಾಣದಲ್ಲಿ ಒಗ್ಗುತ್ತದೆ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಯೋಚನೆ ತುಂಬಿರುವ ಊಟವನ್ನು ಹಳ್ಳಿಯ ಸಾದಾ ಊಟ ಎಂದು ಬದಿಗಿಡುವುದು ಅನ್ಯಾಯ.

ಹಿಟ್ಟಿಗೆ ಮಂಡ್ಯದಲ್ಲಿ ಮರ್ಯಾದೆಯೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬೀಗರ ಊಟಕ್ಕೆ ಮುದ್ದೆ ಬೇಕೇ ಬೇಕು. ಮಾರಿಹಬ್ಬಕ್ಕೆ, ಹರಕೆಯ ಪರಕ್ಕೆ ಸಾವಿರಾರು ಜನರಿಗೆ ಮುದ್ದೆ ಕಟ್ಟಿ ಬಡಿಸುವ ಬಾಣಸಿಗರು ತಾಲ್ಲೂಕಿಗೆ ಹತ್ತಾರು ಮಂದಿ ಇದ್ದಾರೆ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಗಿಡ್ಡ ಕಾಲಿನ ಕುರಿಯ ಮಾಂಸಕ್ಕೆ ಬೆಂಗಳೂರಿನವರೆಗೂ ಹೆಸರಿದೆ; ಆ ಸಾರಿಗೆ ಮುದ್ದೆಯಷ್ಟು ಹೊಂದುವ ಜೊತೆ ಬೇರೊಂದಿಲ್ಲ. ಅಂದರೆ ನೆಂಟರ ಮುಂದೆ ಹಿಟ್ಟಿಗೆ ಸಂಕೋಚವಿಲ್ಲ. ಸಂಕೋಚ ಶುರುವಾಗುವುದು ಪಂಕ್ತಿ ಸಾರ್ವಜನಿಕವಾದಾಗ. ಕಚೇರಿಯ ಸಮಾರಂಭ, ಕಾಲೇಜಿನ ವಿಚಾರಸಂಕಿರಣ, ಹೊರ ಜಿಲ್ಲೆಯ ಅತಿಥಿಗಳು ಬರುವ ಸಭೆ, ಇಲ್ಲೆಲ್ಲ ಕಾಣುವುದು ಬೆಳಿಗ್ಗೆ ಇಡ್ಲಿ-ವಡೆ, ಮಧ್ಯಾಹ್ನ ಪಲಾವ್, ಪೂರಿ, ಅನ್ನ-ಸಾಂಬಾರು. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಈ ವಿಷಯ ಬೀದಿಗೆ ಬಂತು. ಮಳಿಗೆಗಳಲ್ಲಿ ಮದ್ಯ, ತಂಬಾಕಿನ ಸಾಲಿಗೆ ಮಾಂಸಾಹಾರವನ್ನೂ ಸೇರಿಸಿ ನಿಷೇಧಿಸಿದ ಸೂಚನೆಯ ವಿರುದ್ಧ ಜಿಲ್ಲೆಯ ಸಂಘಟನೆಗಳು ಎದ್ದು ನಿಂತು, ಸಮ್ಮೇಳನದಲ್ಲಿ ಬಾಡೂಟವೂ ಇರಲಿ ಎಂದು ಒತ್ತಾಯಿಸಿದವು. ಒತ್ತಾಯ ಸರಿಯಾದದ್ದೇ. ಯಾರ ಊಟ ಸಾರ್ವಜನಿಕ ಪಂಕ್ತಿಗೆ ಯೋಗ್ಯ, ಯಾರದ್ದು ಮನೆಯೊಳಗೇ ಇರಬೇಕು ಎಂದು ತೀರ್ಮಾನಿಸುವ ಅಧಿಕಾರ ಯಾರದ್ದು ಎಂಬ ಪ್ರಶ್ನೆ ಅದು. ಆ ಪ್ರಶ್ನೆ ಬಾಡಿನಲ್ಲೇ ನಿಲ್ಲದೆ ದಿನನಿತ್ಯದ ಉಪ್ಸಾರು-ಹಿಟ್ಟಿನವರೆಗೂ ಬರಬೇಕು ಎಂಬುದಷ್ಟೇ ಇಲ್ಲಿಯ ಮಾತು.

ಹೊರಗಿನವರಿಗೆ ಮುದ್ದೆ ಹಿಡಿಸುವುದಿಲ್ಲ, ಅಗಿಯದೆ ನುಂಗುವ ಊಟ ಎಲ್ಲರಿಗೂ ಒಗ್ಗದು ಎಂಬ ಆಕ್ಷೇಪ ಮೊದಲು ಬರುತ್ತದೆ. ಅಭ್ಯಾಸವಿಲ್ಲದವರಿಗೆ ಮೊದಲ ತುತ್ತು ಕಷ್ಟ ಎಂಬುದು ನಿಜ. ಆದರೆ ಅದೇ ಮಾತು ಹಸಿ ಮೀನಿನ ಸುಶಿಗೂ, ಹುಳಿ ಬಂದ ಕಿಮ್ಚಿಗೂ ಅನ್ವಯಿಸುತ್ತದೆ. ಆ ದೇಶದವರು ಪರಕೀಯರ ನಾಲಿಗೆಗೆ ಅಂಜಿ ಅವನ್ನು ಬಚ್ಚಿಡಲಿಲ್ಲ. ಹೇಗೆ ತಿನ್ನಬೇಕು ಎಂದು ಪಕ್ಕದಲ್ಲಿ ಕೂತು ತೋರಿಸಿಕೊಟ್ಟರು. ಘಾನಾ, ನೈಜೀರಿಯಾದ ಫುಫುವನ್ನೂ ಅಗಿಯದೆ ನುಂಗುವುದೇ ರೂಢಿ, ಇಂದು ಲಂಡನ್ನಿನ ಹೋಟೆಲುಗಳಲ್ಲೂ ಅದು ಸಿಗುತ್ತದೆ. ಪೂರ್ವ ಆಫ್ರಿಕಾದ ಉಗಾಲಿ, ಜಿಂಬಾಬ್ವೆಯ ಸಾಡ್ಜಾ, ಉಗಾಂಡದ ಕಾಲೊ ಎಲ್ಲವೂ ಕೈಯಲ್ಲಿ ಮುರಿದು ಅದ್ದಿ ಉಣ್ಣುವ ಮುದ್ದೆಗಳೇ. ಕೋಟ್ಯಂತರ ಜನರ ಊಟದ ಬಗೆಯೊಂದು ಮಂಡ್ಯದಲ್ಲಿ ಮಾತ್ರ ವಿಚಿತ್ರವಾಗಿ ಕಾಣಲು ಕಾರಣವಿಲ್ಲ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮಂಡ್ಯ ಈಗ ರಾಗಿಯ ಸೀಮೆ ಎಲ್ಲಿದೆ, ಅದು ಕಬ್ಬು-ಭತ್ತದ ಸೀಮೆಯಲ್ಲವೆ ಎಂದು ಕೇಳುವವರು ಚರಿತ್ರೆ ಬಲ್ಲವರು. ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿದು ಬಂತು. 1933ರಲ್ಲಿ ಮೈಷುಗರ್ ಕಾರ್ಖಾನೆ ಹುಟ್ಟಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ರಾಗಿ, ಹುರುಳಿಯ ಬೆದ್ದಲು ಗದ್ದೆಯಾಯಿತು, ರಾಗಿ ನಾಲೆಯ ನೀರು ಹತ್ತದ ಕಡೆಗೆ, ನಾಗಮಂಗಲದ ಕಡೆಗೆ, ಮಳವಳ್ಳಿ, ಮದ್ದೂರಿನ ಖುಷ್ಕಿ ಹೊಲಗಳಿಗೆ ಸರಿಯಿತು. ಇದನ್ನು ದುಃಖದ ಕಥೆಯಾಗಿ ಹೇಳುವುದು ಸರಿಯಲ್ಲ. ಆ ನೀರಿನಿಂದಲೇ ಇಲ್ಲಿಯ ಮಕ್ಕಳು ಓದಿದರು, ಮನೆಗಳು ಎದ್ದವು. 2013ರ ಅನ್ನಭಾಗ್ಯದ ಅಕ್ಕಿ ಹಸಿವನ್ನು ತಗ್ಗಿಸಿದ್ದನ್ನೂ ಹಗುರಾಗಿ ಕಾಣುವಂತಿಲ್ಲ. ಆದರೆ ಜಮೀನಿನಲ್ಲಿ ಬೆಳೆಯುವುದು ಬದಲಾದರೂ ತಟ್ಟೆಯಲ್ಲಿ ಉಣ್ಣುವುದು ಅಷ್ಟೇ ಬೇಗ ಬದಲಾಗಲಿಲ್ಲ ಎಂಬುದನ್ನು ಗಮನಿಸಬೇಕು. ಗದ್ದೆಯಲ್ಲಿ ಭತ್ತ ಕೊಯ್ದ ಒಕ್ಕಲಿನವರೂ ರಾತ್ರಿ ಹಿಟ್ಟನ್ನೇ ಉಂಡರು. ಇಂದಿಗೂ ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ಅಕ್ಕಿಯ ಜೊತೆ ರಾಗಿ ಬರುತ್ತದೆ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಕರ್ನಾಟಕವೇ. ಇನ್ನೊಂದು ಸಂಗತಿಯನ್ನು ನಾವು ಸಾಕಷ್ಟು ಹೇಳಿಕೊಂಡಿಲ್ಲ. ಭತ್ತ-ಕಬ್ಬಿನ ನಡುವೆ ಇರುವ ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲೇ ‘ರಾಗಿ ಲಕ್ಷ್ಮಣಯ್ಯ’ ಎಂದು ಜನ ಕರೆದ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ತೆನೆ ದಪ್ಪಗಾಯಿತು, ಇಳುವರಿ ಏರಿತು. ರಾಜ್ಯದ ರಾಗಿ ಕಣಜವನ್ನು ತುಂಬಿಸಿದ ಬೀಜ ಹೊರಟಿದ್ದು ಈ ಊರಿನಿಂದ. ಅಂಥ ಊರು ರಾಗಿ ತನ್ನದಲ್ಲ ಎಂದರೆ ಆ ಜೀವಮಾನದ ದುಡಿಮೆಗೆ ಬೆನ್ನು ತಿರುಗಿಸಿದಂತೆ.

ಲಕ್ಷ್ಮಣಯ್ಯನವರ ತಳಿಯೇ ಇನ್ನೊಂದು ಆತಂಕಕ್ಕೂ ಉತ್ತರ ಕೊಡುತ್ತದೆ. ನಮ್ಮ ತಿನಿಸು, ನಿಮ್ಮ ತಿನಿಸು ಎಂಬ ಹೆಮ್ಮೆ ಬೆಳೆದರೆ ಜಗಳ ಹುಟ್ಟುತ್ತದೆ ಎಂಬ ಆತಂಕ ಅದು. ಬೋರ್ಷ್ ಎಂಬ ಬೀಟ್‌ರೂಟ್ ಸಾರು ಯಾರದ್ದೆಂದು ಉಕ್ರೇನ್ ಮತ್ತು ರಷ್ಯಾದ ನಡುವೆ ತಕರಾರು ನಡೆದು, 2022ರಲ್ಲಿ ಯುದ್ಧದ ನಡುವೆಯೇ ಯುನೆಸ್ಕೊ ಉಕ್ರೇನಿನ ಬೋರ್ಷ್ ಸಂಸ್ಕೃತಿಯನ್ನು ತುರ್ತು ರಕ್ಷಣೆಯ ಪಟ್ಟಿಗೆ ಸೇರಿಸಿದ್ದು ಎಲ್ಲರಿಗೂ ಗೊತ್ತು. ಮುದ್ದೆಯನ್ನು ಹಿಡಿದು ಅಂಥ ಜಗಳ ಆಡಲು ನಮಗೆ ಸಾಧ್ಯವೇ ಇಲ್ಲ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದ ಧಾನ್ಯ ಅದು, ಇಂಡಾಫ್‌ನಲ್ಲಿ ಎರಡನೆಯ ಸಲ ಬಂತು. ಕೋಲಾರ, ತುಮಕೂರು, ಹಾಸನ, ರಾಮನಗರದವರೂ ಮುದ್ದೆಯವರೇ, ರಾಯಲಸೀಮೆಯ ಸಂಗಟಿಯವರೂ ನಮ್ಮ ನೆಂಟರೇ. ಮಳವಳ್ಳಿಯ ಮುದ್ದೆಯನ್ನು ಉಗಾಂಡದ ಕಾಲೊ ಪಕ್ಕದಲ್ಲಿ ಇಟ್ಟಾಗ ಎರಡಕ್ಕೂ ಘನತೆ ಹೆಚ್ಚುತ್ತದೆ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಅಕ್ಕಿ-ರಾಗಿಯ ವಾದವನ್ನು ಬಗೆಹರಿಸಲು ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಕೆಡದೆ ಉಳಿದ ರಾಗಿಯನ್ನು ಮೆಚ್ಚುತ್ತಾನೆ. ಅಂದಿನ ಕವಿಗೆ ಮೇಲು-ಕೀಳಿನ ಅಹಂಕಾರ ಮುರಿಯಲು ಆ ಪಂದ್ಯ ಬೇಕಿತ್ತು. ಇಂದು ಅನ್ನ ಉಣ್ಣುವವರನ್ನು ಸೋಲಿಸುವ ಅಗತ್ಯ ಯಾರಿಗೂ ಇಲ್ಲ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ದೇಸಿ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಅದೂ ಇದೇ ಮಣ್ಣಿನ ಹೆಮ್ಮೆ.

ಹಾಗಾದರೆ ರಾಗಿಯನ್ನು ಹೊಗಳಿದರೆ ಸಾಕೆ? ಸಾಲದು. ಭಾರತದ ಪ್ರಸ್ತಾಪದಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಘೋಷಿಸಿದಾಗ ರಾಗಿ ಬಿಸ್ಕತ್ತು, ರಾಗಿ ನೂಡಲ್ಸ್, ರಾಗಿ ಪಿಜ್ಜಾ ಎಲ್ಲ ಅಂಗಡಿಗೆ ಬಂದವು. ಧಾನ್ಯಕ್ಕೆ ಮಾನ ಬಂತು, ಊಟಕ್ಕೆ ಬರಲಿಲ್ಲ. ಉತ್ತರ ಇಟಲಿಯ ಪೊಲೆಂಟಾ ಇದನ್ನು ಅರ್ಥ ಮಾಡಿಸುತ್ತದೆ. ಅದೂ ಮುಸುಕಿನ ಜೋಳದ ಹಿಟ್ಟನ್ನು ತಿರುವಿ ಮಾಡುವ ಬಡವರ ಊಟ. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಅಲ್ಲಿನ ರೈತರು ಬೇರೇನೂ ಇಲ್ಲದೆ ಬರೀ ಪೊಲೆಂಟಾವನ್ನೇ ಉಂಡು ಪೆಲಾಗ್ರ ಎಂಬ ಕಾಯಿಲೆಯಿಂದ ನರಳಿ ಸತ್ತರು. ಹಿಟ್ಟಿನ ಪಕ್ಕದಲ್ಲಿ ಏನಿದೆ ಎಂಬುದು ಹಿಟ್ಟಿನಷ್ಟೇ ಮುಖ್ಯ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಇರುವುದು ಹತ್ತರ ಆಸುಪಾಸು. ಹಾಗೆಂದು ಅಷ್ಟೂ ಮೈಗೆ ಹತ್ತುವುದಿಲ್ಲ, ರಾಗಿಯಲ್ಲೇ ಇರುವ ಫೈಟೇಟ್ ಒಂದು ಪಾಲನ್ನು ತಡೆಯುತ್ತದೆ. ಸೊಪ್ಪು, ಕಾಳು, ಹುಣಸೆ ಎಲ್ಲವೂ ಸೇರಿದಾಗಲೇ ಅದು ಪೂರ್ಣ ಊಟ. ಈಗ ನಿಜವಾಗಿ ಕಣ್ಮರೆಯಾಗುತ್ತಿರುವುದು ಈ ಪಕ್ಕದ ಪಾಲು. ರಾಗಿ ಹೊಲದ ಸಾಲಿನಲ್ಲಿ ತಾನಾಗಿ ಹುಟ್ಟುತ್ತಿದ್ದ ಅಣ್ಣೆಸೊಪ್ಪು, ಬದುವಿನ ಗಣಿಕೆ, ಕಾಲುವೆ ಅಂಚಿನ ಹೊನಗೊನೆ, ಕಿರಕಸಾಲೆ, ಇವನ್ನೆಲ್ಲ ಮಡಿಲು ತುಂಬ ಬಿಡಿಸಿ ತಂದು ಮಾಡುವ ಬೆರಕೆ ಸೊಪ್ಪಿನ ಸಾರಿಗೆ ದುಡ್ಡು ಕೊಟ್ಟರೂ ಸೊಪ್ಪು ಸಿಗದ ಕಾಲ ಬರುತ್ತಿದೆ. ಕಳೆನಾಶಕ ಹೊಡೆದ ಹೊಲದಲ್ಲಿ ಅವು ಏಳುವುದಿಲ್ಲ. ಯಾವ ಸೊಪ್ಪು ಉಣ್ಣುವಂಥದ್ದು, ಯಾವುದು ಅಲ್ಲ ಎಂದು ಬಲ್ಲ ಹೆಂಗಸರಿಗೆ ವಯಸ್ಸಾಗಿದೆ. ಹೆದ್ದಾರಿಯ ಮಿಲಿಟರಿ ಹೋಟೆಲುಗಳಲ್ಲಿ ಮುದ್ದೆ-ನಾಟಿ ಕೋಳಿ ಸಾರು ಬೇಕಾದಷ್ಟು ಸಿಗುತ್ತದೆ, ಅದು ಒಳ್ಳೆಯದೇ. ಬೆರಕೆ ಸೊಪ್ಪಿನ ಉಪ್ಸಾರು ಯಾವ ಹೋಟೆಲಿನ ಫಲಕದಲ್ಲಿದೆ ಎಂದು ಹುಡುಕಿದರೆ ಕಣ್ಣು ಸೋಲುತ್ತದೆ.

ಇಲ್ಲಿ ಹೆಣ್ಣುಮಕ್ಕಳು ಎತ್ತುವ ಪ್ರಶ್ನೆಯನ್ನು ಮರೆತು ಮುಂದೆ ಹೋಗುವಂತಿಲ್ಲ. ಹಿಟ್ಟು ತೊಳಸುವುದು ರಟ್ಟೆ ಮುರಿಯುವ ಕೆಲಸ. ಹೊಗೆಯ ಮುಂದೆ ಕೂತು ದಿನಕ್ಕೆರಡು ಸಲ ತೊಳಸಿದವರು ಅವರು. ಕೂಲಿಯೂ ಇಲ್ಲ, ಹೊಗಳಿಕೆಯೂ ಇಲ್ಲ. ಕುಕ್ಕರಿನ ಅನ್ನ ಬಂದಾಗ ಅವರು ಉಸಿರು ಬಿಟ್ಟರೆ ಅದನ್ನು ಪರಂಪರೆಯ ಹೆಸರಿನಲ್ಲಿ ಟೀಕಿಸುವ ಹಕ್ಕು ಯಾರಿಗೂ ಇಲ್ಲ. ಆದ್ದರಿಂದಲೇ ಹಿಟ್ಟನ್ನು ಉಳಿಸುವ ಹೊಣೆಯನ್ನು ಮತ್ತೆ ಮನೆಯ ಒಲೆಯ ಮುಂದಿನವರ ತಲೆಗೆ ಕಟ್ಟದೆ ಸಾರ್ವಜನಿಕ ಅಡುಗೆಮನೆ ಹೊರಬೇಕು. ದೊಡ್ಡ ಪಂಕ್ತಿಗೆ ಹಿಟ್ಟು ತೊಳಸುವವರು ಗಂಡಸರೇ, ಸಂಬಳಕ್ಕೆ. ಮುದ್ದೆ ಮಾಡುವ ಯಂತ್ರಗಳೂ ಬಂದಿವೆ. ಸಂಬಳದ ಕೆಲಸವಾದಾಗ ಅದು ಕಸುಬಾಗುತ್ತದೆ, ಕಸುಬಿಗೆ ಕಲಿಯುವವರು ಬರುತ್ತಾರೆ.

ಮಾಡಬೇಕಾದದ್ದು ದುಬಾರಿಯದ್ದೂ ಅಲ್ಲ. 2024ರಿಂದ ಸರ್ಕಾರಿ ಶಾಲೆಗಳ ಮಕ್ಕಳಿಗೆ ಹಾಲಿನಲ್ಲಿ ರಾಗಿ ಮಾಲ್ಟ್ ಬೆರೆಸಿ ಕೊಡಲಾಗುತ್ತಿದೆ. ಮಾಲ್ಟಿನಿಂದ ವಾರಕ್ಕೊಂದು ದಿನದ ಮುದ್ದೆ-ಬಸ್ಸಾರಿಗೆ ಹೆಜ್ಜೆ ಬಹಳ ದೂರವಿಲ್ಲ. ಜಿಲ್ಲಾಡಳಿತ, ಕಾಲೇಜುಗಳು, ಸಾಹಿತ್ಯ-ಸಂಸ್ಕೃತಿಯ ಸಭೆಗಳು ಮಧ್ಯಾಹ್ನದ ಊಟದಲ್ಲಿ ಅನ್ನದ ಪಕ್ಕದಲ್ಲೇ ಹಿಟ್ಟು, ಉಪ್ಸಾರು, ಖಾರವನ್ನು ಬಡಿಸುವ ನಿಯಮ ಮಾಡಿಕೊಳ್ಳಲಿ, ಬಾಡು ಬೇಕೆನ್ನುವವರಿಗೆ ಬಾಡಿನ ಸಾರೂ ಇರಲಿ. ಶಿವನಸಮುದ್ರ, ಮುತ್ತತ್ತಿಗೆ ಬರುವ ಪ್ರವಾಸಿಗಳು ಮಳವಳ್ಳಿ ತಾಲ್ಲೂಕನ್ನು ಹಾದುಹೋಗುತ್ತಾರೆ. ಅವರಿಗೆ ಸ್ತ್ರೀಶಕ್ತಿ ಗುಂಪುಗಳ ಕೈಯ ಈ ಊಟ ಸಿಗುವ ಒಂದು ತಾಣವಾದರೂ ಬೇಕು. ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಳ್ಳಲು ನಿಲ್ಲುವವರಿಗೆ ಅಲ್ಲೇ ಮಧ್ಯಾಹ್ನದ ಹಿಟ್ಟಿನ ಊಟವೂ ದೊರೆತರೆ ವಡೆಗೆ ಏನೂ ಕಡಿಮೆಯಾಗದು. ಈ ಎಲ್ಲ ಅಡುಗೆಮನೆಗಳು ಸೊಪ್ಪನ್ನು ಕಳೆನಾಶಕ ಹೊಡೆಯದ ಹೊಲದಿಂದಲೇ, ಅದನ್ನು ಬಿಡಿಸಿ ತರುವ ಹೆಂಗಸರಿಂದಲೇ, ಕೆ.ಜಿ.ಗೆ ಇಷ್ಟೆಂದು ಮೊದಲೇ ಗೊತ್ತುಪಡಿಸಿದ ಬೆಲೆಗೆ ಕೊಳ್ಳಬೇಕು. ಅಣ್ಣೆಸೊಪ್ಪಿಗೆ ಬೆಲೆ ಸಿಗುತ್ತದೆ ಎಂದು ಗೊತ್ತಾದ ರೈತ ರಾಗಿ ಸಾಲಿನ ನಡುವೆ ಅದನ್ನು ಬಿಟ್ಟುಕೊಳ್ಳುತ್ತಾನೆ, ಸೊಪ್ಪು ಗುರುತಿಸುವ ವಿದ್ಯೆ ಬಲ್ಲ ಅಜ್ಜಿಯ ಜೊತೆ ಸೊಸೆಯೂ ಹೊಲಕ್ಕೆ ಇಳಿಯುತ್ತಾಳೆ.